ಐವತ್ತೇಳನೆಯ ಮತದಾರ

ಹಿಕರಿ ಕಣಿವೆ
೧೦ ಮೇ ೧೯೬೨

ತಮ್ಮ ಥರ್ಮನ್‌ಗೆ ಅಕ್ಕ ಓಮಾಳ ಆಶೀರ್ವಾದ.

ಓಟಿನ ಮಾರನೆಯ ಬೆಳಿಗ್ಗೆ ಒಂದು ಮಾತೂ ಆಡದೆ ಟ್ರಕ್ಕು ಹತ್ತಿ ಮಾರ್ಲೋ ಪಟ್ಟಣಕ್ಕೆ ಹೊರಟುಬಿಟ್ಟೆಯಲ್ಲ, ಒಲೆಯ ಮೇಲಿನ ಕಾಫಿಯಾದರೂ ಏನು ಪಾಪ ಮಾಡಿತ್ತು? ಅರವತ್ತು ಮೈಲಿ ಖಾಲಿ ಹೊಟ್ಟೆಯಲ್ಲಿ ಹೋಗಿರುತ್ತೀಯ, ನನಗೆ ಗೊತ್ತು. ಪೋಸ್ಟಿನ ಗಾಡಿಯವನ ಕೈಯಲ್ಲಿ ಜೋಳದ ರೊಟ್ಟಿ, ಒಂದು ಜಾಡಿ ಸೇಬಿನ ಮುರಬ್ಬ ಕಳಿಸಿದ್ದೇನೆ. ಜಾಡಿ ವಾಪಸ್ಸು ಬರಬೇಕು.

ರೇಡಿಯೋದಲ್ಲಿ ಹೇಳಿದರು, ನೀನು ಸೋತೆ ಅಂತ. ಒಂಬತ್ತು ಓಟು. ಹನ್ನೊಂದು ಸಾವಿರ ಜನ ಓಟು ಹಾಕಿದ ಕಡೆ ಒಂಬತ್ತು! ವಿಲ್ಬರ್ನ್ ನಮ್ಮ ಜಗಲಿಯಲ್ಲೇ ಕೂತಿದ್ದ. ಗಣಿಯ ದೂಳು ತುಂಬಿದ ಆ ಎದೆಯಲ್ಲಿ ಉಸಿರು ಎಳೆದುಕೊಂಡು, "ಒಂಬತ್ತು ಜನಾನ ನಾನೇ ಹೊತ್ಕೊಂಡ್ ಬರ್ತಿದ್ನಲ್ಲೇ ಓಮಾ, ನನ್ನ ಕಾಲು ಗಟ್ಟಿಯಾಗಿದ್ದಿದ್ರೆ" ಅಂದ. ಆಮೇಲೆ ಅರ್ಧ ಗಂಟೆ ಕೆಮ್ಮಿದ.

ನನಗೂ ಹೊಟ್ಟೆ ಉರಿಯುತ್ತದೆ ಕಣೋ. ಈ ಬೆಟ್ಟಗಳಲ್ಲಿ ಪಕ್ಷದೊಳಗಿನ ಓಟು, ಆ ಪ್ರೈಮರಿ, ಗೆದ್ದವನೇ ಶಾಸನಸಭೆಗೆ ಹೋದ ಹಾಗೆ, ನವೆಂಬರಿನ ಚುನಾವಣೆ ಬರೀ ಶಾಸ್ತ್ರಕ್ಕೆ. ಆದರೂ ಸೋತದ್ದು ಸೋತದ್ದೇ. ನಮ್ಮ ಕಡೆಯ ಪದ್ಧತಿ ನಿನಗೆ ನಾನು ಹೇಳಿಕೊಡಬೇಕೆ? ಸೋತವನು ಬರುವ ಭಾನುವಾರದೊಳಗೆ ಗೆದ್ದವನ ಜಗಲಿಗೆ ಹೋಗಬೇಕು, ಕೈ ಕುಲುಕಬೇಕು, ಕೊಟ್ಟದ್ದು ಕುಡಿದು ಬರಬೇಕು. ಅಪ್ಪ ಶಾಲಾ ಮಂಡಳಿಗೆ ನಿಂತು ಸೋತಾಗ ಬೆಟ್ಟ ದಾಟಿ ಹೋದದ್ದು ನೆನಪಿದೆಯೆ? ಕೆಸರಿನ ಬೂಟು ಮೆಟ್ಟಿಲಲ್ಲಿ ಬಿಟ್ಟು, ತೂತು ಬಿದ್ದ ಕಾಲುಚೀಲದಲ್ಲೇ ಜಗಲಿ ಹತ್ತಿದನಂತೆ. ಗೆದ್ದಿರುವ ಹಾಲ್ಬರ್ಟ್ ಗಣಿ ಕಂಪನಿಯ ವಕೀಲನಿರಬಹುದು, ಅವನ ಜಗಲಿಗೂ ಮೆಟ್ಟಿಲಿದೆ. ಹೋಗಿ ಬಾ. ಮುಗಿಸು.

ಗೋರಿಗಳಿಗೆ ಹೂವಿಡುವ ದಿನ ಹತ್ತಿರ ಬಂತು. ಕಾಗದದ ಹೂವು ಮಾಡಿ ಮೇಣದಲ್ಲಿ ಅದ್ದಿ ಒಣಗಲು ಇಟ್ಟಿದ್ದೇನೆ, ಹದಿನೇಳು. ಯಾರಿಗೆ ಯಾವ ಬಣ್ಣ ಎಂದು ಎಂದಿನಂತೆ ಪಟ್ಟಿ ಬರೆದು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತೇನೆ. ಮೇಲಿನ ಬೇಲಿಯ ಪಕ್ಕ ಅಪ್ಪನಿಂದ ಶುರು, ಸಾಲು ತಪ್ಪದೆ ಕೆಳಗೆ ನಿನ್ನ ಕೈಹಿಡಿದ ಲೂರಾ ಇರುವ ಮೂಲೆಯವರೆಗೆ. ಮೂವತ್ತನೇ ತಾರೀಕು ನೀನಿಲ್ಲದೆ ಆ ಗುಡ್ಡ ಹತ್ತಿಸಬೇಡ.

ನಿನ್ನ ಅಕ್ಕ
ಓಮಾ


ಮಾರ್ಲೋ, ಮಿಸೆಸ್ ಪ್ರೂಯಿಟ್‌ಳ ಬಾಡಿಗೆ ಕೋಣೆ
೧೩ ಮೇ ೧೯೬೨

ಅಕ್ಕಾ,

ರೊಟ್ಟಿ ಬಂತು, ಜಾಡಿಯೂ ಬಂತು. ಇಲ್ಲಿಯ ಮಿಸೆಸ್ ಪ್ರೂಯಿಟ್ ಮಾಡುವ ರೊಟ್ಟಿಯಲ್ಲಿ ಮನೆ ಕಟ್ಟಬಹುದು. ಆದ್ದರಿಂದ ನಿನ್ನ ಉಪದೇಶವನ್ನೂ ರೊಟ್ಟಿಯ ಜೊತೆ ನುಂಗಿದ್ದೇನೆ. ಜೀರ್ಣವಾಗಿಲ್ಲ ಅಷ್ಟೆ.

ನಾನು ಹಾಲ್ಬರ್ಟ್‌ನ ಜಗಲಿಗೆ ಹೋಗುವುದಿಲ್ಲ. ಭಾನುವಾರ ಇವತ್ತೇ. ಬೆಳಿಗ್ಗೆ ಅವನು ಇಗರ್ಜಿಯಿಂದ ಬಂದು ಜಗಲಿಯಲ್ಲಿ ಎರಡು ಕುರ್ಚಿ ಹಾಕಿಸಿ ಕೂತಿದ್ದನಂತೆ, ಊರೆಲ್ಲ ನೋಡಲಿ ಎಂದು. ಕೂತಿರಲಿ. ಬಿಸಿಲು ಚೆನ್ನಾಗಿದೆ.

ಸೋತಿದ್ದರೆ ಹೋಗುತ್ತಿದ್ದೆ, ನಮ್ಮಪ್ಪನ ಮಗ ನಾನು. ಆದರೆ ಇದು ಸೋಲಲ್ಲ, ಕಳ್ಳತನ. ಕಾಪರ್ ಫೋರ್ಕ್ ಮತಗಟ್ಟೆಯಲ್ಲಿ ನನಗೆ ಬಿದ್ದದ್ದು ಸೊನ್ನೆ. ಅಲ್ಲಿ ನನ್ನ ಜೊತೆ ಹನ್ನೆರಡು ವರ್ಷ ಗಣಿಯಲ್ಲಿ ಮಂಡಿಯೂರಿದವರು ಇದ್ದಾರೆ, ಒಬ್ಬನ ಕೈಯೂ ನನ್ನ ಹೆಸರಿನ ಮೇಲೆ ಹೋಗಲಿಲ್ಲವೆ? ಅಲ್ಲಿ ಸತ್ತವರು ಎದ್ದು ಬಂದು ಓಟು ಹಾಕಿದ್ದಾರೆ ಎಂದು ಇಲ್ಲಿ ಮಕ್ಕಳೂ ಹೇಳುತ್ತವೆ. ಡೋರ್ಸಿ ಎಂಬ ವಕೀಲನನ್ನು ಹಿಡಿದಿದ್ದೇನೆ. ಬಾಯಿ ಸ್ವಲ್ಪ ಹೊಲಸು, ತಲೆ ಚುರುಕು. ಪ್ರತಿ ಮತಗಟ್ಟೆಯಲ್ಲೂ ಬಂದವರ ಹೆಸರು ಬರೆದ ಪುಸ್ತಕ ಇರುತ್ತದಲ್ಲ, ಅವನ್ನೆಲ್ಲ ಬಿಚ್ಚಿಸಿ ಒಂದೊಂದು ಹೆಸರನ್ನೂ ಓದಿಸಬೇಕೆಂದು ಅರ್ಜಿ ಹಾಕಿದ್ದೇವೆ.

ನನಗೆ ಧೈರ್ಯ ಕೊಟ್ಟದ್ದೇ ನಮ್ಮ ಹಿಕರಿ. ಆ ಮಳೆಯಲ್ಲಿ, ತೊರೆಯ ಸೇತುವೆ ಮುಳುಗಿದ್ದಾಗ, ಅರವತ್ತಮೂರು ಜನ ನಡೆದು ಬಂದು ನನಗೆ ಓಟು ಹಾಕಿದರು. ಹಾಲ್ಬರ್ಟ್‌ಗೆ ಒಂದೂ ಇಲ್ಲ! ನೆನೆದರೆ ಕಣ್ಣು ತುಂಬುತ್ತದೆ ಅಕ್ಕಾ. ನಾನು ಕೈಚೆಲ್ಲಿದರೆ ಆ ಅರವತ್ತಮೂರು ಜನರಿಗೆ ಏನು ಮುಖ ತೋರಿಸಲಿ? ದೂಳು ತಿಂದ ಎದೆಗಳಿಗೆ ಪರಿಹಾರದ ಕಾನೂನು ತರುತ್ತೇನೆ ಎಂದು ವಿಲ್ಬರ್ನ್‌ನ ಕೈ ಹಿಡಿದು ಮಾತು ಕೊಟ್ಟಿದ್ದೇನೆ. ಪ್ರತಿ ಮತಗಟ್ಟೆಯ ಮೇಲೂ ಅನುಮಾನ ಪಡುವ ಡೋರ್ಸಿಗೂ ನಾನು ಹೇಳಿದೆ, "ಹಿಕರಿ ಬಗ್ಗೆ ಮಾತಾಡ್ಬೇಡಿ. ಅಲ್ಲಿ ಹೆಸರು ಬರೆಯೋಕೆ ಕೂತಿದ್ದೋಳು ನಮ್ಮಕ್ಕ."

ಅಂದ ಹಾಗೆ, ಗುಡ್ಡದಲ್ಲಿ ನೀನು ಹೂವಿಡುವ ಗೋರಿ ಹದಿನಾರು, ಹದಿನೇಳಲ್ಲ. ಇಂಥವಳು ನಮ್ಮ ಕಣಿವೆಯ ಓಟು ಎಣಿಸಿದ್ದಾಳೆ ಎಂದು ಹಾಲ್ಬರ್ಟ್‌ಗೆ ತಿಳಿಯದಿರಲಿ!

ಥರ್ಮನ್


ಹಿಕರಿ ಕಣಿವೆ
೧೮ ಮೇ ೧೯೬೨

ತಮ್ಮಾ,

ನಿನ್ನ ಕಾಗದ ಮೂರು ಸಲ ಓದಿದೆ. ಮೂರನೆಯ ಸಲ ಕೂತು ಓದಬೇಕಾಯಿತು.

ಪುಸ್ತಕ ಬಿಚ್ಚಿಸುವುದು ಬೇಡ ಥರ್ಮನ್. ಹುತ್ತಕ್ಕೆ ಕೈ ಹಾಕಿದವನು ಒಳಗಿರುವುದು ಯಾವ ಹಾವು, ಯಾರ ಮನೆಯ ಹಾವು ಎಂದು ಕೇಳಿಕೊಂಡು ಹಾಕುವುದಿಲ್ಲ. ಕಾಪರ್ ಫೋರ್ಕಿನವರು ಕಳ್ಳರು, ಒಪ್ಪಿದೆ. ಅವರ ಪಾಪ ಅವರು ಹೊತ್ತುಕೊಳ್ಳಲಿ. ನಿನಗೆ ನಲವತ್ತಾರು ವರ್ಷ, ಎರಡು ವರ್ಷ ಬಿಟ್ಟು ಮತ್ತೆ ನಿಲ್ಲು.

ವಿಲ್ಬರ್ನ್‌ಗೂ ಹೇಳಿದೆ, ನೀನಾದರೂ ಒಂದು ಮಾತು ಬರೆಯಪ್ಪಾ ಅಂತ. ಅವನು ನನ್ನ ಮೇಲೇ ಹಾರಿದ. "ಎರಡು ವರ್ಷ ಬಿಟ್ಟು ನಾನಿರ್ತೀನಾ? ಹೋಗೇ, ನೀನೊಬ್ಳು" ಅಂದ.

ಇನ್ನೊಂದು ವಿಷಯ. ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ. ಹೋದ ಶನಿವಾರ ಶಾಲೆ ಗುಡಿಸಲು ಹೋಗಿದ್ದೆ, ಹಗಲು ಎರಡು ಗಂಟೆ, ಬಿಸಿಲು ಸುಡುತ್ತಿತ್ತು. ಓಟಿನ ದಿನದ ಕೆಸರು ನೆಲದಲ್ಲಿ ಹಾಗೇ ಒಣಗಿತ್ತು. ಬಾಗಿಲಿನಿಂದ ನಾನು ಕೂತಿದ್ದ ಮೇಜಿನವರೆಗೆ ಹೆಜ್ಜೆಗಳು. ನಮ್ಮ ಕಣಿವೆಯ ಮಣ್ಣು ಯಾವ ಬಣ್ಣ ಹೇಳು? ಕಲ್ಲಿದ್ದಲಿನ ಕಪ್ಪು. ಆ ಹೆಜ್ಜೆಗಳಲ್ಲಿ ಕೆಲವು ಹಳದಿ ಇದ್ದವು. ಹಳದಿ ಮಣ್ಣು ಇರುವುದು ಗೋರಿಗಳ ಗುಡ್ಡದಲ್ಲಿ ಮಾತ್ರ. ನಾನೇ ಹೂವಿನ ಜಾಗ ನೋಡಲು ಹೋಗಿ ಬಂದಾಗ ಮೆತ್ತಿಕೊಂಡದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ನೀರು ಸುರಿದು ಉಜ್ಜಿದೆ. ನಿನ್ನೆ ಮತ್ತೆ ಹೋಗಿ ನೋಡಿದೆ. ಕಲೆ ಹೋಗಿಲ್ಲ.

ಮುದುಕಿಯ ಭ್ರಮೆ ಅಂತ ನಗು, ಪರವಾಗಿಲ್ಲ. ಆದರೆ ಹಾಲ್ಬರ್ಟ್‌ನ ಕೈ ಕುಲುಕಿ ಮನೆಗೆ ಬಾ. ಇವತ್ತೇ ಹೋಗು. ತಡವಾದದ್ದಕ್ಕೆ ಅವನೇನೂ ಬೈಯುವುದಿಲ್ಲ.

ಓಮಾ


ಮಾರ್ಲೋ
೨೨ ಮೇ ೧೯೬೨

ಅಕ್ಕಾ,

ಕೇಳಬಾರದೆಂದುಕೊಂಡಿದ್ದನ್ನು ಕೇಳುತ್ತೇನೆ. ನಿನ್ನ ಬಳಿಗೆ ಯಾರು ಬಂದಿದ್ದರು?

ಪುಸ್ತಕ ಬಿಚ್ಚಬಾರದೆಂದು ಇಡೀ ಜಿಲ್ಲೆಯಲ್ಲಿ ಇಬ್ಬರೇ ಹೇಳುತ್ತಿರುವುದು, ಹಾಲ್ಬರ್ಟ್‌ನ ವಕೀಲ ಮತ್ತು ನನ್ನ ಸ್ವಂತ ಅಕ್ಕ. ಅವನು ಬೆವರುವುದು ನನಗೆ ಅರ್ಥವಾಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಅವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ನಿನ್ನ ಹೆಗಲ ಮೇಲೆ ಏನಿದೆ? ನಿನ್ನ ಅಳಿಯ ಲೇಸಿ ಕಂಪನಿಯ ಕಚೇರಿಯಲ್ಲಿ ಕೂತಿದ್ದಾನೆ, ಮರೆತಿಲ್ಲ. "ನಿಮ್ಮತ್ತೆಗೆ ಹೇಳಿ ತಮ್ಮನ ಬಾಯಿ ಮುಚ್ಚಿಸು, ಇಲ್ಲಾಂದ್ರೆ ನಿನ್ನ ಕುರ್ಚಿ ಖಾಲಿ" ಅಂದರೆ? ಅಂದಿದ್ದಾರೋ ಇಲ್ಲವೋ? ಹೌದು ಅಂತ ಬರೆದರೆ ನಾನು ಬೇಸರಪಡುವುದಿಲ್ಲ. ಹಳದಿ ಮಣ್ಣು, ಹೆಜ್ಜೆ ಅಂತ ನನ್ನನ್ನು ಚಿಕ್ಕ ಹುಡುಗನ ಹಾಗೆ ಹೆದರಿಸಬೇಡ. ಅವ್ವ ಸತ್ತಾಗ ನನಗೆ ಐದು ವರ್ಷ. ಗುಮ್ಮನ ಕಥೆ ಹೇಳಿ ಊಟ ಮಾಡಿಸಿದವಳು ನೀನೇ, ನಿನ್ನ ಗುಮ್ಮಗಳೆಲ್ಲ ನನಗೆ ಪರಿಚಯ.

ಸೋಮವಾರ, ಇಪ್ಪತ್ತೆಂಟಕ್ಕೆ, ಕೋರ್ಟಿನ ಮನೆಯಲ್ಲಿ ಪುಸ್ತಕಗಳನ್ನು ಓದುತ್ತಾರೆ. ನೀನು ಬರಬೇಕು. ಹಿಕರಿಯ ಪುಸ್ತಕದಲ್ಲಿರುವುದು ನನ್ನ ಅಕ್ಷರ, ನಾನು ಕಂಡವರ ಹೆಸರನ್ನೇ ಬರೆದಿದ್ದೇನೆ ಎಂದು ಬೈಬಲ್ಲಿನ ಮೇಲೆ ಕೈಯಿಟ್ಟು ಹೇಳಬೇಕು, ಅಷ್ಟೆ. "ನಿಮ್ಮಕ್ಕನಂಥ ಒಬ್ಬ ಹೆಣ್ಮಗಳು ಬಂದು ಅಲ್ಲಿ ನಿಂತ್ರೆ ಸಾಕು ಕಣಯ್ಯಾ, ಉಳಿದೋರೆಲ್ಲ ಕಳ್ಳರ ಥರಾ ಕಾಣ್ತಾರೆ" ಅನ್ನುತ್ತಾನೆ ಡೋರ್ಸಿ.

ಮೂವತ್ತಕ್ಕೆ ಗುಡ್ಡಕ್ಕೆ ಬರಲಾಗುವುದಿಲ್ಲ. ಲೂರಾಗೆ ನನ್ನ ಪರವಾಗಿ ಹೂವಿಡು.

ಥರ್ಮನ್


ಹಿಕರಿ ಕಣಿವೆ
೨೫ ಮೇ ೧೯೬೨

ಥರ್ಮನ್,

ಯಾರೂ ಬಂದಿರಲಿಲ್ಲ. ಲೇಸಿಗೆ ಯಾರೂ ಏನೂ ಅಂದಿಲ್ಲ. ನಿನ್ನನ್ನು ಸಾಕಿದ ಕೈಯನ್ನು ಹೀಗೆ ಕೇಳಿದೆಯಲ್ಲ, ಇರಲಿ.

ನಾನು ಬರುವುದಿಲ್ಲ. ಬೈಬಲ್ ಮುಟ್ಟುವುದಿಲ್ಲ.

ಹಿಕರಿಯ ಪುಸ್ತಕ ಓದಿಸಬೇಡ. ಬೇರೆಲ್ಲ ಓದಿಸು, ಅದೊಂದನ್ನು ಬಿಡು. ನನಗೋಸ್ಕರ ಬೇಡ, ಲೂರಾಗೋಸ್ಕರ ಬಿಡು.

ಓಮಾ


ಮಾರ್ಲೋ
೨೯ ಮೇ ೧೯೬೨

ಅಕ್ಕಾ,

ನಿನ್ನ ಕಾಗದ ಸೋಮವಾರ ಸಂಜೆ ಕೈಗೆ ಬಂತು. ಓದಿ ಮುಗಿದಿತ್ತು ಅಷ್ಟರಲ್ಲಿ.

ಹೇಗಾಯಿತು ಅಂತ ಬರೆಯುತ್ತೇನೆ, ನೀನು ತಿಳಿಯಬೇಕು. ಬೆಳಿಗ್ಗೆ ಕಾಪರ್ ಫೋರ್ಕ್ ಪುಸ್ತಕ ಓದಿದರು. ಡೋರ್ಸಿ ಸಾವಿನ ದಾಖಲೆಗಳನ್ನು ತಂದಿಟ್ಟುಕೊಂಡಿದ್ದ. ಹದಿನಾಲ್ಕು ಹೆಸರು, ಎಲ್ಲ ಸತ್ತವರದು. ಒಬ್ಬ ಸತ್ತು ಮೂವತ್ತು ವರ್ಷವಾಗಿತ್ತು. ನಾನು ಬೆಂಚು ಗುದ್ದಿ ನಕ್ಕೆ, ನಮ್ಮ ಕಡೆಯವರು ಕೂಗು ಹಾಕಿದರು. ಆ ಹದಿನಾಲ್ಕು ಹೋದರೆ ಒಂಬತ್ತರಿಂದ ಸೋತವನು ಐದರಿಂದ ಗೆದ್ದೆ. ಲೆಕ್ಕ ಅಷ್ಟೇ ಸುಲಭವಾಗಿತ್ತು. ಹಾಲ್ಬರ್ಟ್ ಗೋಡೆ ನೋಡುತ್ತಾ ಕೂತಿದ್ದ.

ಆಗ ಅವನ ವಕೀಲ ಎದ್ದು, "ಹಿಕರೀದೂ ಓದ್ಲಿ ಸ್ವಾಮಿ. ಅಲ್ಲೂ ನಮ್ಮೋರಿಗೆ ಸೊನ್ನೆ ಬಿದ್ದೈತೆ" ಅಂದ. ನಾನೇ ಎದ್ದು ನಿಂತು, "ಧಾರಾಳವಾಗಿ ಓದ್ಲಿ!" ಎಂದು ಕೂಗಿದೆ. ನಾನೇ.

ನಿನ್ನ ದುಂಡು ಅಕ್ಷರ ದೂರದಿಂದಲೇ ಕಂಡಿತು. ಗುಮಾಸ್ತೆ ಓದುತ್ತಾ ಹೋದ. ನಲವತ್ತು ಹೆಸರಿನವರೆಗೆ ನಮ್ಮ ನೆರೆಹೊರೆಯವರೇ. ನಲವತ್ತೊಂದು, ಎಲೈಜಾ ಸ್ಟಿಲ್ಟ್ನರ್. ಅಪ್ಪನ ಹೆಸರಿನವರು ಇನ್ನೊಬ್ಬರಿದ್ದಾರೆಯೆ ಎಂದು ಯೋಚಿಸಿದೆ. ಮಾರ್ಥಾ ಸ್ಟಿಲ್ಟ್ನರ್. ಅವ್ವ. ರೂಫಸ್, ಕೋರಾ. ಗಣಿ ಕುಸಿದು ಸತ್ತ ಹ್ಯಾಗರ್ ಅಣ್ಣತಮ್ಮಂದಿರು ಮೂವರೂ, ದೊಡ್ಡವನಿಂದ ಚಿಕ್ಕವನವರೆಗೆ. ಮಾರ್ಲೋದವನಾದ ಆ ಗುಮಾಸ್ತೆಗೆ ಅವು ಬರೀ ಹೆಸರು. ನನ್ನ ಕಾಲು ಮಾತ್ರ ಗುಡ್ಡ ಇಳಿಯುತ್ತಿತ್ತು ಅಕ್ಕಾ. ಬೇಲಿಯ ಪಕ್ಕದಿಂದ ಹೊರಟು, ಓಕ್ ಮರ ಬಳಸಿ, ನಿನ್ನ ಗಂಡ ಆರ್ವಿಲ್‌ನನ್ನು ದಾಟಿ ಕೆಳಗೆ. ಮುಂದಿನ ಹೆಸರು ಯಾವುದು ಎಂದು ಅವನು ಓದುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಐವತ್ತಾರು, ಲೂರಾ ಸ್ಟಿಲ್ಟ್ನರ್. ಅಲ್ಲಿಗೆ ಮುಗಿಯಿತು, ಉಸಿರು ಬಿಡಬಹುದು ಅಂದುಕೊಂಡೆ.

ಐವತ್ತೇಳು. ಎಜ್ರಾ ಸ್ಟಿಲ್ಟ್ನರ್.

ಆ ಹೆಸರನ್ನು ನಾನು ಇಪ್ಪತ್ತೊಂದು ವರ್ಷದಿಂದ ಕೇಳಿರಲಿಲ್ಲ. ಲೂರಾ ಹೇಳಿದ್ದಳು, ನಾನು ಹೇಳಿದ್ದೆ, ನೀನು ಕೇಳಿದ್ದೆ. ನಾಲ್ಕನೆಯವರಿಗೆ ಗೊತ್ತಿಲ್ಲ. ಈಗ ಕೋರ್ಟಿನ ಮನೆಯಲ್ಲಿ ಕನ್ನಡಕದ ಒಬ್ಬ ಗುಮಾಸ್ತೆ ಮೂಗು ಒರೆಸಿಕೊಂಡು ನನ್ನ ಮಗನನ್ನು ಕರೆದ.

ಹದಿನಾರು ಹೆಸರಿಗೂ ಹಾಲ್ಬರ್ಟ್‌ನ ವಕೀಲ ಮತದಾರರ ಪಟ್ಟಿ ನೋಡಿ ಟಿಕ್ ಹಾಕುತ್ತಾ ಬಂದಿದ್ದ. ಸತ್ತವರ ಹೆಸರು ತೆಗೆಯುವ ರೂಢಿ ನಮ್ಮಲ್ಲಿಲ್ಲವಲ್ಲ, ಎಲ್ಲರೂ ಪಟ್ಟಿಯಲ್ಲಿದ್ದರು. ಐವತ್ತೇಳರಲ್ಲಿ ಅವನ ಪೆನ್ಸಿಲ್ ನಿಂತಿತು. "ಈ ಎಜ್ರಾ ಪಟ್ಟಿಯಲ್ಲಿಲ್ಲ. ಯಾರಿವ್ನು?"

ಎಲ್ಲರೂ ನನ್ನ ಕಡೆ ತಿರುಗಿದರು. ಮನೆತನದ ಹೆಸರು ಒಂದೇ ತಾನೆ.

"ನನ್ನ ಮಗ" ಎಂದೆ.

"ವಯಸ್ಸು?"

"ಇಪ್ಪತ್ತೊಂದು. ಏಪ್ರಿಲ್ ಹನ್ನೊಂದಕ್ಕೆ ತುಂಬ್ತು."

"ಹಂಗಾದ್ರೆ ಬರೋ ಸೋಮವಾರ ಕರ್ಕೊಂಡ್ ಬನ್ನಿ. ಬಂದು ತಾನೇ ಹೇಳ್ಲಿ. ಅವ್ನು ಬರದಿದ್ರೆ ಹಿಕರೀ ಹೆಸರುಗಳನ್ನೆಲ್ಲ ಒಂದೊಂದಾಗಿ ಹುಡುಕಿಸ್ತೀವಿ."

ಇದು ನಡೆದದ್ದು. ಡೋರ್ಸಿಗೆ ಆಮೇಲೆ ಎಲ್ಲ ಹೇಳಿದೆ. ಅವನು ಬೆಚ್ಚಲಿಲ್ಲ, ಸಿಗಾರು ಹಚ್ಚಿದ. "ಇಪ್ಪತ್ತೊಂದರ ಹುಡುಗರಿಗೇನು ಬರವಾ? ಒಬ್ಬನ್ನ ನಾನು ತರ್ತೀನಿ. ನಾನೇ ಎಜ್ರಾ ಅಂತ ನಿಂತು ಒಂದ್ ಮಾತು ಹೇಳ್ಲಿ. ಪಟ್ಟಿಗೆ ಚೀಟಿ ಸೇರಿಸೋದು ನಂಗ್ ಬಿಡು. ಹೆತ್ತಪ್ಪ ನೀನೇ ಹೌದು ಅಂದ್ಮೇಲೆ ಇಲ್ಲಾ ಅನ್ನೋನ್ಯಾವನು?" ಅಂದ. ಹಾಗೆ ಮಾಡಿದರೆ ನಾನು ಗೆಲ್ಲುತ್ತೇನೆ. ನಿನಗೂ ಏನೂ ಆಗುವುದಿಲ್ಲ. ಮಾಡದಿದ್ದರೆ ಹದಿನೇಳೂ ಹೊರಗೆ ಬರುತ್ತವೆ, ನಾನು ಸೋಲುತ್ತೇನೆ, ನಿನ್ನನ್ನು ಜೈಲಿಗೆ ಹಾಕುತ್ತಾರೆ.

ನಾನು ಬೇಡ ಎನ್ನಲಿಲ್ಲ. ಹೂಂ ಎಂದೂ ಹೇಳಲಿಲ್ಲ.

ನಿನ್ನ ಮೇಲೆ ಸಿಟ್ಟು ಬರಬೇಕು, ಬರುತ್ತಿಲ್ಲ. ನಿನ್ನೆಯಿಂದ ಏನಾಗಿದೆಯೆಂದರೆ, ಹಾಲ್ಬರ್ಟ್‌ನ ಜಗಲಿಗೆ ಹೋಗಿ ಕೈ ಕುಲುಕಬೇಕೆಂದುಕೊಂಡ ಕೂಡಲೇ ಆ ಐವತ್ತೇಳನೆಯ ಸಾಲು ಕಣ್ಣಿಗೆ ಬರುತ್ತದೆ. ಅದರ ಮೇಲೆ ಅವರು ಅಡ್ಡಗೆರೆ ಎಳೆಯುತ್ತಾರೆ. ಅಲ್ಲಿಯವರೆಗೆ ಅವನಿಗೆ ಇಪ್ಪತ್ತೊಂದು ವರ್ಷ. ಅಲ್ಲಿಯವರೆಗೆ ಅವನು ಮಳೆಯಲ್ಲಿ ತೊರೆ ದಾಟಿ ಬಂದು ಅಪ್ಪನಿಗೆ ಓಟು ಹಾಕಿದ್ದಾನೆ. ಒಪ್ಪಿಕೊಂಡರೆ ಮತ್ತೆ ಸಾಯುತ್ತಾನೆ ಅಕ್ಕಾ.

ಅವನನ್ನು ಯಾಕೆ ಬರೆದೆ?

ಥರ್ಮನ್


ಹಿಕರಿ ಕಣಿವೆ
೩೧ ಮೇ ೧೯೬೨

ನನ್ನಪ್ಪಾ, ಥರ್ಮನ್,

ನಿನ್ನೆ ಹೂವಿಟ್ಟು ಬಂದೆ. ಇವತ್ತು ನಿನ್ನ ಕಾಗದ ಬಂತು. ಇನ್ನು ಬಚ್ಚಿಡಲು ಏನೂ ಇಲ್ಲ.

ಓಟಿನ ದಿನ ಮಧ್ಯಾಹ್ನ ಮೂರು ಗಂಟೆಗೆ ಬಂದಿದ್ದವರು ನಲವತ್ತೇ ಜನ. ಮಳೆ ಬಿಡಲಿಲ್ಲ, ತೊರೆ ಉಕ್ಕಿ ಆಚೆ ದಡದವರೆಲ್ಲ ಅಲ್ಲೇ ಉಳಿದರು. ನನ್ನ ಜೊತೆ ಕೂತವನು ಊಟಕ್ಕೆಂದು ಮನೆಗೆ ಹೋದವನು ಬರಲಿಲ್ಲ. ನಾನೊಬ್ಬಳೇ, ಪುಸ್ತಕ, ಪೆಟ್ಟಿಗೆ. ಸೀಸದ ಕಡ್ಡಿ ಹುಡುಕಲು ಜೇಬಿಗೆ ಕೈ ಹಾಕಿದರೆ ಹೂವಿನ ಪಟ್ಟಿ ಬಂತು.

ಇವರಿದ್ದಿದ್ದರೆ ಬರುತ್ತಿರಲಿಲ್ಲವೆ ಅನ್ನಿಸಿತು. ಗಣಿಯಲ್ಲಿ ಹೂತುಹೋದ ಆ ಮೂರು ಹುಡುಗರು ಕಂಪನಿಯ ವಕೀಲನಿಗೆ ಓಟು ಹಾಕುತ್ತಿದ್ದರೆ? ಅಪ್ಪ ಹಾಕುತ್ತಿರಲಿಲ್ಲವೆ? ಆರ್ವಿಲ್‌ನ ಹೆಸರು ಬರೆಯುವಾಗ ನಗು ಬಂತು, ಬದುಕಿದ್ದಾಗ ಆ ಮನುಷ್ಯ ಒಂದು ಸಲವೂ ಓಟಿಗೆ ಅಂತ ಎದ್ದವನಲ್ಲ. ಒಂದೊಂದು ಹೆಸರು ಬರೆದು ಒಂದೊಂದು ಚೀಟಿ ಪೆಟ್ಟಿಗೆಗೆ ಹಾಕಿದೆ. ಪಾಪ ಅನ್ನಿಸಲಿಲ್ಲ. ಗೋರಿಗೆ ಹೂವಿಟ್ಟ ಹಾಗೇ ಅನ್ನಿಸಿತು. ಆಮೇಲೆ ಸಂಜೆಯೊಳಗೆ ಈಚೆ ದಡದ ಇನ್ನಾರು ಜನ ಬಂದು ಓಟು ಹಾಕಿ ಹೋದರು. ಪಾಪ ಅಂತ ತಿಳಿದದ್ದು ಶಾಲೆಯ ನೆಲ ಉಜ್ಜುವಾಗ.

ಎಜ್ರಾನನ್ನು ನಾನು ಬೇಕೆಂದು ಬರೆಯಲಿಲ್ಲ. ಲೂರಾಳ ಹೆಸರು ಬರೆದ ಮೇಲೆ ಕೈ ನಿಲ್ಲಲಿಲ್ಲ. ಲೂರಾ ಆದ ಮೇಲೆ ಅವಳ ಎಡಗಡೆಯ ಕಲ್ಲು. ಇಪ್ಪತ್ತೊಂದು ವರ್ಷ ಅವಳಿಗೆ ಒಂದು ಹೂವಿಟ್ಟು ಅವನಿಗೆ ಇಡದೆ ನಾನು ಗುಡ್ಡ ಇಳಿದವಳಲ್ಲ. ಹದಿನಾರು ಗೋರಿ, ಹದಿನೇಳು ಹೂವು ಅಂತ ನಕ್ಕೆಯಲ್ಲ. ಆ ಕಲ್ಲು ಹೊಳೆಯಿಂದ ತಂದ ಬರಿಯ ಕಲ್ಲು, ಮೇಲೆ ಅಕ್ಷರವಿಲ್ಲ. ಅದು ಏನೆಂದು ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಲೂರಾ ಸತ್ತ ಮಧ್ಯಾಹ್ನ ನೀನು ಕಾಡಿಗೆ ಹೋಗಿ ಎರಡು ದಿನ ಬರಲಿಲ್ಲ. ಮಗುವನ್ನು ನಾನೇ ಇಟ್ಟೆ. ಸಕ್ಕರೆಯ ಪೆಟ್ಟಿಗೆಯಲ್ಲಿ, ನನ್ನ ಮದುವೆಯ ಶಾಲು ಸುತ್ತಿ.

ನನ್ನ ಮೇಲೆ ಕೇಸು ಹಾಕಿದರೆ ಹಾಕಲಿ. ಐವತ್ತೆಂಟಾಯಿತು ನನಗೆ, ಜೈಲಿನಲ್ಲೂ ಅಡುಗೆಯವರು ಬೇಕು. ಆದರೆ ಬೇರೆಯವರ ಮಗನನ್ನು ತಂದು ಅವನ ಹೆಸರಲ್ಲಿ ನಿಲ್ಲಿಸಬೇಡ. ನಾನು ಸತ್ತವರನ್ನು ಎಬ್ಬಿಸಿ ತಪ್ಪು ಮಾಡಿದೆ. ನೀನು ಅವನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದರೆ ಅವನಿಗೆ ಆ ಕಲ್ಲೂ ಇಲ್ಲವಾಗುತ್ತದೆ.

ನಿನ್ನೆ ಅವನಿಗೆ ಬಿಳಿಯ ಹೂವು ಇಟ್ಟೆ.

ಓಮಾ


ಮಾರ್ಲೋ
೪ ಜೂನ್ ೧೯೬೨

ಅಕ್ಕಾ,

ಮುಗಿಯಿತು. ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ, ಅದನ್ನು ಮೊದಲು ಬರೆದುಬಿಡುತ್ತೇನೆ.

ಶನಿವಾರ ಬೆಳಿಗ್ಗೆ ಡೋರ್ಸಿ ಹುಡುಗನನ್ನು ಕರೆತಂದ. ನಿನ್ನ ಕಾಗದ ಇನ್ನೂ ತಲುಪಿರಲಿಲ್ಲ, ನಿಜ ಹೇಳುತ್ತೇನೆ, ನಾನು ಕ್ಷೌರ ಮಾಡಿಕೊಂಡು ಕಾಯುತ್ತಿದ್ದೆ. ಜೋಳದ ಕೂದಲಿನ ಬಣ್ಣದ ತಲೆ, ನೀರು ಹಚ್ಚಿ ಬಾಚಿದ್ದ. ಕೈಗಳು ದೊಡ್ಡವು. ನಮ್ಮ ಮನೆಯವನೇ ಅನ್ನಬಹುದಿತ್ತು. ಒಳ್ಳೆಯ ಹುಡುಗ, ಟೋಪಿ ತೆಗೆದು ನಿಂತ. "ನಾನು ಎಜ್ರಾ ಸ್ಟಿಲ್ಟ್ನರ್, ಹುಟ್ಟಿದ್ದು ಏಪ್ರಿಲ್ ಹನ್ನೊಂದು" ಅಂತ ಎರಡು ಸಲ ಒಪ್ಪಿಸಿದ. ನಾಚಿಕೆಯಿಲ್ಲದೆ ಹೇಳುತ್ತೇನೆ, ಸುಖವಾಗಿತ್ತು. ಇನ್ನೊಮ್ಮೆ ಹೇಳು ಎಂದು ಮೂರನೆಯ ಸಲವೂ ಹೇಳಿಸಿದೆ.

ಆಮೇಲೆ ಅವನು ಕೇಳಿದ, "ಸಾರ್, ನಮ್ಮವ್ವ ನನ್ನನ್ನ ಏನಂತ ಕರೀತಿದ್ಲು? ಅಲ್ಲಿ ಯಾರಾದ್ರೂ ಕೇಳಿದ್ರೆ ಹೇಳ್ಬೇಕಲ್ಲ."

ನನಗೆ ಗೊತ್ತಿರಲಿಲ್ಲ. ಅವಳಿಗೆ ಕರೆಯಲು ಇದ್ದದ್ದು ಮೂರು ದಿನ, ಅದರಲ್ಲೂ ಎರಡು ದಿನ ಜ್ವರ. ಏನಾದರೂ ಕಟ್ಟಿ ಹೇಳಲು ಬಾಯಿ ತೆರೆದೆ. ಲೂರಾಳ ಬಾಯಿಗೆ ಅವಳು ಆಡದ ಮಾತು ಇಡಲು ಹೊರಟವನು ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ. ಅತ್ತುಬಿಟ್ಟೆ ಅಕ್ಕಾ. ಆ ಎರಡು ದಿನ ಕಾಡಿನಲ್ಲಿ ಅಳದಿದ್ದದ್ದೆಲ್ಲ ಬಂತು. ಪಾಪ, ಆ ಹುಡುಗ ಹೆದರಿ ನೀರು ತಂದುಕೊಟ್ಟ. ಅವನಿಗೆ ತಿಂಡಿ ಕೊಡಿಸಿ, "ಮನೆಗೆ ಹೋಗಪ್ಪಾ, ನಿಮ್ಮವ್ವ ಕಾಯ್ತಿರ್ತಾಳೆ" ಎಂದು ಕಳಿಸಿದೆ. ಡೋರ್ಸಿ ಆಡಿದ ಮಾತುಗಳನ್ನು ಬರೆಯುವುದಿಲ್ಲ, ನೀನು ಇಗರ್ಜಿಗೆ ಹೋಗುವವಳು. ಅವನು ಹೋದ ಮೇಲೆ ಪೋಸ್ಟು ಬಂತು.

ನಿನ್ನೆ ಭಾನುವಾರ ಮಧ್ಯಾಹ್ನ ಹಾಲ್ಬರ್ಟ್‌ನ ಮನೆಗೆ ನಡೆದೆ. ಹಾಳಾದ್ದು, ಕೆಸರೇ ಇರಲಿಲ್ಲ, ಆದರೂ ಬೂಟು ಮೆಟ್ಟಿಲಲ್ಲಿ ಬಿಟ್ಟೆ. ಕುರ್ಚಿ ಎರಡೂ ಹಾಗೇ ಇದ್ದವು. ಅವನು ಎದ್ದು ನಿಂತ. "ತಡವಾಯ್ತು" ಎಂದು ಕೈ ಚಾಚಿದೆ. "ಪರವಾಗಿಲ್ಲ, ಕೂತ್ಕೊ" ಅಂದ. ಅವನ ಹೆಂಡತಿ ಮಜ್ಜಿಗೆ ತಂದಳು.

"ಆ ಹುಡ್ಗ ಎಲ್ಲಿದಾನೆ ಥರ್ಮನ್?" ಎಂದು ಕೇಳಿದ.

"ಗುಡ್ಡದಲ್ಲಿ. ಮೂರು ದಿನ ಇದ್ದ."

ಅವನು ಲೋಟ ಕೆಳಗಿಟ್ಟ. ಟಿಕ್ ಬಿದ್ದ ಆ ಹದಿನಾರು ಹೆಸರೂ ಗುಡ್ಡದವೇ ಎಂದು ಅವನಿಗೆ ಆಗ ಹೊಳೆದಿರಬೇಕು, ಮುಖ ನೋಡಿದರೆ ತಿಳಿಯಿತು. "ಕಾಪರ್ ಫೋರ್ಕ್ ವಿಷ್ಯ ನಂಗೂ ಗೊತ್ತಿತ್ತು" ಅಂದ, ಅಷ್ಟೆ. ಇಬ್ಬರು ಕಳ್ಳರು ಒಂದೇ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದೆವು.

ಇವತ್ತು ಬೆಳಿಗ್ಗೆ ಕೋರ್ಟಿನಲ್ಲಿ ಸೋಲು ಒಪ್ಪಿ ಅರ್ಜಿ ವಾಪಸ್ಸು ಪಡೆದೆ. ನಮ್ಮ ಕಡೆಯವರೊಬ್ಬರು ನೆಲಕ್ಕೆ ಉಗುಳಿದರು. ವಿಲ್ಬರ್ನ್‌ಗೆ ಏನು ಹೇಳಬೇಕೋ ಗೊತ್ತಿಲ್ಲ. ಅವನ ಕಾನೂನನ್ನು ನಾನೇ ಕೊಂದೆ, ಅವನು ಕೇಳಿದರೆ ಸುಳ್ಳು ಹೇಳುವುದಿಲ್ಲ, ಬೈದರೆ ಬೈಸಿಕೊಳ್ಳುತ್ತೇನೆ. ಈ ಭಾರ ಇಳಿಯುವುದಿಲ್ಲ. ನಿನ್ನ ಹೆಸರು ಮಾತ್ರ ಅವನಿಗೂ ಹೇಳುವುದಿಲ್ಲ.

ಇನ್ನೊಂದು ಹೇಳಬೇಕು. ಎಲ್ಲ ಮುಗಿದ ಮೇಲೆ ಗುಮಾಸ್ತೆ ಪುಸ್ತಕಗಳನ್ನು ದಾರದಿಂದ ಕಟ್ಟುತ್ತಿದ್ದ. ನಾನು ಹತ್ತಿರ ಹೋಗಿ, ಹಿಕರಿಯ ಪುಸ್ತಕದಲ್ಲಿ ಅಡ್ಡ ಗೆರೆ ಯಾವಾಗ ಎಳೆಯುತ್ತೀರಿ ಎಂದು ಕೇಳಿದೆ. "ಯಾಕೆ ಎಳೀಬೇಕು?" ಅಂದ. "ತಕರಾರು ನೀವೇ ಬಿಟ್ರಲ್ಲ. ಹೆಂಗಿದೆಯೋ ಹಂಗೇ ಅರಗು ಹಾಕಿ ನೆಲಮಾಳಿಗೇಲಿ ಇಡ್ತೀವಿ. ಇನ್ಯಾರೂ ಮುಟ್ಟಲ್ಲ."

ಗೆದ್ದಿದ್ದರೆ ಅವನ ಹೆಸರಿನಲ್ಲಿ ಬೇರೆಯವನು ಇರುತ್ತಿದ್ದ. ಹೋರಾಡಿ ಸೋತಿದ್ದರೆ ಅಳಿಸುತ್ತಿದ್ದರು. ಈಗ ಅವನು ಅಲ್ಲೇ ಇದ್ದಾನೆ, ನಿನ್ನ ದುಂಡು ಅಕ್ಷರದಲ್ಲಿ, ತಾಯಿಯ ಪಕ್ಕದ ಸಾಲಿನಲ್ಲಿ. ಪುಸ್ತಕದ ಮೇಲೆ ಅರಗು ಬೀಳುವವರೆಗೆ ನಿಂತಿದ್ದೆ.

ಬರುವ ಭಾನುವಾರ ಬರುತ್ತೇನೆ. ಉಳಿ, ಸುತ್ತಿಗೆ ನಾನೇ ತರುತ್ತೇನೆ. ನೀನು ಕಲ್ಲಿನ ಹತ್ತಿರ ಕೂತು ಹೆಸರಿನ ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳಬೇಕು. ನಾನು ಅದನ್ನು ಕಾಗದದಲ್ಲಷ್ಟೇ ಬರೆದಿದ್ದೇನೆ, ಕಲ್ಲಿನ ಮೇಲೆ ಯಾವತ್ತೂ ಇಲ್ಲ.

ಜಾಡಿ ತರುತ್ತಿದ್ದೇನೆ.

ಥರ್ಮನ್